ಕೈಪಿಡಿಯ ತಿದ್ದುಪಡಿಗೆ ಒಪ್ಪಿಗೆ ಕೊಡುವ ಮೊದಲು: ಮುಕ್ತ ನೆಟ್‌ವರ್ಕ್ ತಂತ್ರಾಂಶಗಳ ಡಾಕ್ಯುಮೆಂಟೇಶನ್ ಪರಿಶೀಲನೆ, ಹಂತ ಹಂತವಾಗಿ

ಕೈಪಿಡಿಗೆ ಬಂದ ತಿದ್ದುಪಡಿ ನೋಡುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಕಾಗುಣಿತ ತಿದ್ದುತ್ತಾರೆ, ವಾಕ್ಯ ನಯ ಮಾಡುತ್ತಾರೆ, ಒಪ್ಪಿಗೆ ಕೊಡುತ್ತಾರೆ. ಒಳಗಿದ್ದ ಕಮಾಂಡನ್ನು ಯಾರೂ ಓಡಿಸಿ ನೋಡಿರುವುದಿಲ್ಲ. ಕಾಸರಗೋಡಿನ ಪೆರ್ಲದಲ್ಲೋ ಮುಳ್ಳೇರಿಯದಲ್ಲೋ ಒಬ್ಬರು ಆ ಪುಟವನ್ನು ನಂಬಿ ಮನೆಯ ರೂಟರಿನ ಫೈರ್‌ವಾಲ್ ಬದಲಿಸಲು ಕೂರುತ್ತಾರೆ. ಮೂರನೆಯ ಸಾಲಿಗೆ ರೂಟರ್ ಅವರನ್ನೇ ಹೊರಗೆ ಹಾಕುತ್ತದೆ. ಮುಂದಿನ ಸಾಲು ಓದಲು ಬೇಕಾದ ಇಂಟರ್‌ನೆಟ್ ಬರುತ್ತಿದ್ದುದೂ ಅದೇ ರೂಟರಿನಿಂದ.

ಆದ್ದರಿಂದ ಪರಿಶೀಲನೆಯ ಕ್ರಮ ಹೀಗಿರಲಿ: ಮೊದಲು ಬರೆದದ್ದು ನಿಜವೇ ಎಂದು ನೋಡಿ, ಆಮೇಲೆ ಹೆಜ್ಜೆಗಳ ಅನುಕ್ರಮ, ಭಾಷೆ ಕಟ್ಟಕಡೆಗೆ. ಈ ಕ್ರಮ ತಲೆಕೆಳಗಾದರೆ ತಪ್ಪು ಕಮಾಂಡಿನ ಸುತ್ತ ಇರುವ ವಾಕ್ಯವನ್ನು ಚಂದ ಮಾಡುವುದರಲ್ಲೇ ಸಮಯ ಹೋಗುತ್ತದೆ. ಚಂದದ ವಾಕ್ಯವನ್ನು ಓದುಗರು ಇನ್ನಷ್ಟು ಸುಲಭವಾಗಿ ನಂಬುತ್ತಾರೆ, ಅಪಾಯ ಇರುವುದೇ ಅಲ್ಲಿ.

ಇಲ್ಲಿ ಕಮಾಂಡುಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

## ಬೇಕಾಗುವ ಸಲಕರಣೆ

ಲಿನಕ್ಸ್ ಇರುವ ಒಂದು ಲ್ಯಾಪ್‌ಟಾಪ್, ಅದರಲ್ಲಿ ಗಿಟ್ (ಬದಲಾವಣೆಗಳ ದಾಖಲೆ ಇಡುವುದು), ಪೈಥಾನ್, ಸ್ಫಿಂಕ್ಸ್ (ಕೈಪಿಡಿಯ ಪುಟ ಕಟ್ಟುವುದು), ಟಿಸಿಪಿಡಂಪ್ (ಹೋಗಿಬರುವ ಪ್ಯಾಕೆಟ್ ತೋರಿಸುವುದು) ಇದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ನಡೆಯುತ್ತದೆ. ಉಳಿದದ್ದಕ್ಕೆ ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆಂದೇ ಇರುವ ಮುಕ್ತ ತಂತ್ರಾಂಶ) ಹಾಕಬಹುದಾದ ಹಳೆಯ ರೂಟರ್ ಒಂದು, ಎರಡು ಲ್ಯಾನ್ ಕೇಬಲ್, ನೆಟ್‌ವರ್ಕ್ ಕೈಕೊಟ್ಟಾಗಲೂ ರೂಟರಿನ ಬೋರ್ಡನ್ನು ನೇರವಾಗಿ ತಲುಪಲು 3.3 ವೋಲ್ಟಿನ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಬೇಕು. ಮನೆಯವರೆಲ್ಲ ಬಳಸುವ ರೂಟರಿನ ಮೇಲೆ ಪ್ರಯೋಗ ಮಾಡಬೇಡಿ.

ಸೀರಿಯಲ್ ಜೋಡಿಸುವಾಗ ಗ್ರೌಂಡ್, ಟಿಎಕ್ಸ್ (ಕಳಿಸುವುದು), ಆರ್‌ಎಕ್ಸ್ (ಪಡೆಯುವುದು) ಎಂಬ ಮೂರೇ ತಂತಿ. ಅಡಾಪ್ಟರಿನ ಟಿಎಕ್ಸ್ ರೂಟರಿನ ಆರ್‌ಎಕ್ಸ್‌ಗೆ ಹೋಗಬೇಕು, ಆರ್‌ಎಕ್ಸ್ ಟಿಎಕ್ಸ್‌ಗೆ. ವಿದ್ಯುತ್ತಿನ ವಿಸಿಸಿ ಪಿನ್ನನ್ನು ಮುಟ್ಟಬೇಡಿ. 5 ವೋಲ್ಟಿನ ಅಡಾಪ್ಟರ್ ಹಾಕಿದರೆ ಬೋರ್ಡ್ ಸುಟ್ಟುಹೋಗಬಹುದು. ಸೀರಿಯಲ್ ಸಂಪರ್ಕದ ವೇಗ (ಬಾಡ್) ಬಹುತೇಕ ಮಾದರಿಗಳಲ್ಲಿ 115200.

ಸೀರಿಯಲ್ ಇಲ್ಲದಿದ್ದರೆ ಫೇಲ್‌ಸೇಫ್ ಮೋಡ್ (ಸೆಟ್ಟಿಂಗ್ ಕೆಟ್ಟಾಗಲೂ ರೂಟರಿನ ಒಳಗೆ ಹೋಗುವ ದಾರಿ) ಹೇಗೆ ಎಂಬುದನ್ನಾದರೂ ಮೊದಲೇ ಒಮ್ಮೆ ಮಾಡಿ ನೋಡಿಟ್ಟುಕೊಳ್ಳಿ. ರೂಟರ್ ಬೂಟ್ ಆಗುವಾಗ ದೀಪ ಮಿನುಗುವ ಹೊತ್ತಿಗೆ ಗುಂಡಿ ಒತ್ತಬೇಕು. ಆಗ ಅದು 192.168.1.1ರಲ್ಲಿ ಸಿಗುತ್ತದೆ, ಆದರೆ ಡಿಎಚ್‌ಸಿಪಿ ಇರುವುದಿಲ್ಲ. ಲ್ಯಾಪ್‌ಟಾಪಿಗೆ ನೀವೇ 192.168.1.2 ಎಂದು ವಿಳಾಸ ಕೊಟ್ಟುಕೊಳ್ಳಬೇಕು. ಇದನ್ನು ರೂಟರ್ ಕೈಕೊಟ್ಟ ದಿನ ಕಲಿಯಲು ಹೊರಟರೆ ಆಗುವುದಿಲ್ಲ.

## ಹಂತ 1: ತಿದ್ದುಪಡಿ ಯಾವ ಜಾತಿಯದು ಎಂದು ಗುರುತಿಸಿ

ಡಿಫ್ (ಏನೇನು ಬದಲಾಗಿದೆ ಎಂದು ತೋರಿಸುವ ಪಟ್ಟಿ) ತೆರೆದ ಕೂಡಲೇ ಓದಲು ಶುರು ಮಾಡಬೇಡಿ. ಇದು ಕಾಗುಣಿತದ ತಿದ್ದುಪಡಿಯೇ? ತಂತ್ರಾಂಶ ಹೀಗೆ ನಡೆದುಕೊಳ್ಳುತ್ತದೆ ಎಂಬ ಹೇಳಿಕೆಯೇ? ಹಂತಗಳ ಪಟ್ಟಿಯೇ? ಡೀಫಾಲ್ಟ್ ಬೆಲೆಯ (ನಾವು ಏನೂ ಬದಲಿಸದಿದ್ದರೆ ತಂತ್ರಾಂಶ ಬಳಸುವ ಮೌಲ್ಯದ) ಬದಲಾವಣೆಯೇ? ಅಥವಾ ಇದ್ದದ್ದನ್ನು ತೆಗೆದುಹಾಕುವುದೇ? ಕಾಗುಣಿತಕ್ಕೆ ಐದು ನಿಮಿಷ ಸಾಕು. ಡೀಫಾಲ್ಟ್ ಬೆಲೆಗೆ ಮೂಲ ಕೋಡ್ ನೋಡಬೇಕು, ಹಂತಗಳ ಪಟ್ಟಿಯನ್ನು ಓಡಿಸಬೇಕು. ಹೆಚ್ಚು ಕಣ್ಣಿಡಬೇಕಾದದ್ದು ತೆಗೆದುಹಾಕಿದ ಸಾಲುಗಳ ಮೇಲೆ: ಯಾರದೋ ಕಣ್ಣಿಗೆ ಹೆಚ್ಚುವರಿ ಎಂದು ಕಂಡ ಆ ಒಂದು ವಾಕ್ಯ ಎಚ್ಚರಿಕೆಯ ಮಾತಾಗಿದ್ದಿರಬಹುದು.

ಕೈಪಿಡಿಗಳಲ್ಲಿ ಒಂದು ಪದ ಬದಲಾದರೂ ಇಡೀ ಪ್ಯಾರಾ ಮರುಜೋಡಣೆಯಾಗಿ ಹತ್ತು ಸಾಲು ಕೆಂಪು, ಹತ್ತು ಸಾಲು ಹಸಿರು ಕಾಣಿಸುತ್ತದೆ. ಗಿಟ್ ಡಿಫ್‌ಗೆ ವರ್ಡ್-ಡಿಫ್ ಆಯ್ಕೆ ಕೊಟ್ಟು ನೋಡಿ, ಬದಲಾದ ಪದ ಮಾತ್ರ ಎದ್ದು ಕಾಣುತ್ತದೆ. ಸಾಲು ಮರುಜೋಡಣೆ ಮತ್ತು ವಿಷಯದ ಬದಲಾವಣೆ ಒಂದೇ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಒಮ್ಮೆಗೆ ದಾಖಲಾದ ಬದಲಾವಣೆಯಲ್ಲಿ) ಬೆರೆತಿದ್ದರೆ ಎರಡಾಗಿ ಬೇರ್ಪಡಿಸಿ ಕಳಿಸಲು ಹೇಳಿ. ಇದು ಹಠವಲ್ಲ. ಬೆರೆತ ಕಮಿಟ್‌ನಲ್ಲಿ 0 ಇದ್ದದ್ದು 1 ಆದದ್ದು ಕಣ್ಣಿಗೆ ಬೀಳುವುದೇ ಇಲ್ಲ.

## ಹಂತ 2: ಯಾವ ಆವೃತ್ತಿಗೆ ಎಂದು ಕೇಳಿ

ನೆಟ್‌ವರ್ಕ್ ಕೈಪಿಡಿಗಳಲ್ಲಿ ಸುಳ್ಳಿಗಿಂತ ಹಳಸಿದ ಸತ್ಯವೇ ಹೆಚ್ಚು. ಓಪನ್‌ಡಬ್ಲ್ಯುಆರ್‌ಟಿಯನ್ನೇ ನೋಡಿ. 21.02ರಲ್ಲಿ ನೆಟ್‌ವರ್ಕ್ ಕಾನ್ಫಿಗರೇಶನ್‌ನ ವಾಕ್ಯರಚನೆ ಬದಲಾಯಿತು: ಇಂಟರ್‌ಫೇಸ್ ವಿಭಾಗದಲ್ಲಿ ಐಎಫ್‌ನೇಮ್ ಎಂದಿದ್ದದ್ದು ಡಿವೈಸ್ ಆಯಿತು. 22.03ರಲ್ಲಿ ಫೈರ್‌ವಾಲ್ ಐಪಿಟೇಬಲ್ಸ್‌ನಿಂದ ಎನ್‌ಎಫ್‌ಟೇಬಲ್ಸ್‌ಗೆ ಹೋಯಿತು. ಪ್ಯಾಕೇಜ್ ಹಾಕಲು 24.10ರ ವರೆಗೆ ಓಪಿಕೆಜಿ, ಮುಂದಿನ ಸರಣಿಯಿಂದ ಎಪಿಕೆ. ಅಂದರೆ "ಈ ಮೂರು ಸಾಲು ಹಾಕಿ" ಎಂಬ ಪುಟ ಒಂದು ಆವೃತ್ತಿಯಲ್ಲಿ ಸರಿ, ಇನ್ನೊಂದರಲ್ಲಿ ಏನೂ ಮಾಡುವುದಿಲ್ಲ, ಮತ್ತೊಂದರಲ್ಲಿ ತಪ್ಪು ಸಂದೇಶ ಕೊಡುತ್ತದೆ. ಈ ಮೂರರಲ್ಲಿ ನಡುವಿನದೇ ಕೆಟ್ಟದ್ದು. ತಪ್ಪು ಸಂದೇಶ ಬಂದರೆ ಓದುಗರು ನಿಲ್ಲುತ್ತಾರೆ. ಏನೂ ಆಗದಿದ್ದರೆ ಆಯಿತೆಂದುಕೊಂಡು ಮುಂದೆ ಹೋಗುತ್ತಾರೆ.

ಪುಟದ ತಲೆಯಲ್ಲಿ ಆವೃತ್ತಿ ಸಂಖ್ಯೆ ಇಲ್ಲದ ಹಂತಪಟ್ಟಿಯನ್ನು ಒಪ್ಪಬೇಡಿ. "ಹೊಸ ಆವೃತ್ತಿಯಲ್ಲಿ", "ಇತ್ತೀಚೆಗೆ" ಎಂಬ ಮಾತುಗಳು ಎರಡು ವರ್ಷದಲ್ಲಿ ಅರ್ಥ ಕಳೆದುಕೊಳ್ಳುತ್ತವೆ, ಅಲ್ಲಿ ಸಂಖ್ಯೆಯೇ ಬರಲಿ. ಒಂದು ಆಯ್ಕೆ ಯಾವಾಗ ಬಂತು ಎಂದು ತಿಳಿಯಲು ಗಿಟ್ ಲಾಗ್‌ಗೆ ದೊಡ್ಡ ಎಸ್ ಆಯ್ಕೆ ಕೊಟ್ಟು ಅದರ ಹೆಸರನ್ನು ಹುಡುಕಿ. ಆ ಪದ ಕೋಡಿಗೆ ಬಂದ ಮತ್ತು ಹೋದ ಕಮಿಟ್‌ಗಳು ಸಿಗುತ್ತವೆ.

ಐಎಫ್‌ಕಾನ್ಫಿಗ್, ರೂಟ್, ನೆಟ್‌ಸ್ಟಾಟ್ ಇರುವ ಪುಟಗಳಿಗೆ ಬಂದ ತಿದ್ದುಪಡಿಯಲ್ಲಿ ಅವನ್ನು ಐಪಿ ಮತ್ತು ಎಸ್‌ಎಸ್ ಕಮಾಂಡುಗಳಿಗೆ ಬದಲಿಸಲು ಕೇಳಿ. ಹಲವು ವಿತರಣೆಗಳಲ್ಲಿ ಹಳೆಯವು ಮೊದಲಿಗೇ ಸ್ಥಾಪಿತವಾಗಿ ಬರುವುದಿಲ್ಲ.

## ಹಂತ 3: ಹೇಳಿಕೆಯನ್ನು ಕೋಡ್‌ನೊಂದಿಗೆ ತಾಳೆ ನೋಡಿ

"ಇದನ್ನು 0 ಮಾಡಿದರೆ ಆಫ್ ಆಗುತ್ತದೆ" ಎಂಬಂಥ ವಾಕ್ಯ ಕಂಡಲ್ಲಿ ನಿಲ್ಲಿ. ಲಿನಕ್ಸ್‌ನ ಆರ್‌ಪಿ_ಫಿಲ್ಟರ್ ಇದಕ್ಕೆ ಒಳ್ಳೆಯ ಉದಾಹರಣೆ. ಪ್ಯಾಕೆಟ್ ಬಂದ ದಾರಿಯಲ್ಲೇ ಉತ್ತರ ಹೋಗುವಂತಿದೆಯೇ ಎಂದು ಪರೀಕ್ಷಿಸುವ ಸೆಟ್ಟಿಂಗ್ ಅದು: 0 ಎಂದರೆ ಪರೀಕ್ಷೆ ಇಲ್ಲ, 1 ಕಟ್ಟುನಿಟ್ಟು, 2 ಸಡಿಲ. ಇತ್0 ಇಂಟರ್‌ಫೇಸಿಗೆ 0 ಕೊಟ್ಟರೆ ಪರೀಕ್ಷೆ ನಿಲ್ಲುತ್ತದೆ ಎಂದು ಬಹಳ ಪುಟಗಳಲ್ಲಿ ಬರೆದಿರುತ್ತದೆ. ಆದರೆ ಕರ್ನಲ್ ಬಳಸುವುದು "ಆಲ್" ಮತ್ತು ಆ ಇಂಟರ್‌ಫೇಸ್, ಇವೆರಡರ ಬೆಲೆಗಳಲ್ಲಿ ದೊಡ್ಡದನ್ನು. ಆಲ್‌ನಲ್ಲಿ 1 ಇದ್ದರೆ ಇತ್0ದ 0ಕ್ಕೆ ಬೆಲೆಯೇ ಇಲ್ಲ. ಎರಡು ಇಂಟರ್‌ನೆಟ್ ಸಂಪರ್ಕ ಇಟ್ಟುಕೊಂಡವರು ಈ ಒಂದು ವಾಕ್ಯದಿಂದ ದಿನಗಟ್ಟಲೆ ಒದ್ದಾಡಬಹುದು.

ಐಪಿ_ಫಾರ್ವರ್ಡ್ (ಒಂದು ಇಂಟರ್‌ಫೇಸಿಗೆ ಬಂದ ಪ್ಯಾಕೆಟನ್ನು ಇನ್ನೊಂದಕ್ಕೆ ದಾಟಿಸುವ ಸೆಟ್ಟಿಂಗ್) ಇನ್ನೊಂದು. ಇದನ್ನು ಬದಲಿಸಿದರೆ ಇತರ ಐಪಿ ಸೆಟ್ಟಿಂಗ್‌ಗಳು ಡೀಫಾಲ್ಟ್ ಸ್ಥಿತಿಗೆ ಮರಳುತ್ತವೆ ಎಂದು ಕರ್ನಲ್ ಕೈಪಿಡಿಯೇ ಎಚ್ಚರಿಸುತ್ತದೆ. ಹಾಗಾಗಿ ಅದು ಪಟ್ಟಿಯ ಮೊದಲ ಸಾಲಿನಲ್ಲಿರಬೇಕು. ಹತ್ತು ಸೆಟ್ಟಿಂಗ್ ಬರೆದು ಕೊನೆಯಲ್ಲಿ ಫಾರ್ವರ್ಡಿಂಗ್ ಆನ್ ಮಾಡುವ ಪುಟದಲ್ಲಿ ಪ್ರತಿ ಸಾಲೂ ಸರಿ ಇರಬಹುದು, ಅನುಕ್ರಮ ತಪ್ಪು. ಐಪಿವಿ6ರಲ್ಲಿ ಫಾರ್ವರ್ಡಿಂಗ್ ಆನ್ ಆದರೆ ರೂಟರ್ ಅಡ್ವರ್ಟೈಸ್‌ಮೆಂಟ್‌ಗಳನ್ನು (ರೂಟರ್ ತನ್ನ ಇರವನ್ನು ತಿಳಿಸುವ ಸಂದೇಶಗಳನ್ನು) ಸ್ವೀಕರಿಸುವುದು ನಿಲ್ಲುತ್ತದೆ. ಎಕ್ಸೆಪ್ಟ್_ಆರ್‌ಎ ಬೆಲೆ 2 ಇದ್ದರೆ ಮಾತ್ರ ಮುಂದುವರಿಯುತ್ತದೆ. ಈ ಸಾಲು ಬಿಟ್ಟುಹೋದ ಪುಟವನ್ನು ಅನುಸರಿಸಿದವರ ಗಣಕ ಐಪಿವಿ6ರ ಡೀಫಾಲ್ಟ್ ದಾರಿಯನ್ನು ಕಳೆದುಕೊಳ್ಳುತ್ತದೆ.

ಎಫ್‌ಆರ್‌ಆರ್ ಎಂಬ ರೂಟಿಂಗ್ ತಂತ್ರಾಂಶದ ಬಿಜಿಪಿ (ನೆಟ್‌ವರ್ಕ್‌ಗಳು ಪರಸ್ಪರ ಮಾರ್ಗ ತಿಳಿಸುವ ವಿಧಾನ) ಪುಟಗಳಲ್ಲಿ ಎರಡು ಕಡೆ ನೋಡಿ. ಡೀಮನ್ಸ್ ಕಡತದಲ್ಲಿ ಬಿಜಿಪಿಡಿಯನ್ನು "ಯೆಸ್" (ಹೌದು) ಮಾಡಿ ಸೇವೆಯನ್ನು ಮರುಪ್ರಾರಂಭಿಸಿ ಎಂಬ ಹೆಜ್ಜೆ ಇದೆಯೇ? ಹೊರಗಿನ ನೆರೆಯವರೊಂದಿಗೆ ಪಾಲಿಸಿ ಇಲ್ಲದಿದ್ದರೆ ಮಾರ್ಗಗಳು ಹೋಗುವುದೂ ಇಲ್ಲ, ಬರುವುದೂ ಇಲ್ಲ ಎಂದು ಹೇಳಿದೆಯೇ? 2017ರ ಆರ್‌ಎಫ್‌ಸಿ 8212ರಂತೆ ಬಂದ ನಡವಳಿಕೆ ಇದು. ಸೆಶನ್ ಕೂಡಿದೆ, ಆದರೆ ಸಾರಾಂಶದಲ್ಲಿ ಮಾರ್ಗಗಳ ಎಣಿಕೆಯ ಜಾಗದಲ್ಲಿ "ಪಾಲಿಸಿ" ಎಂದು ಕಾಣುತ್ತಿದೆ ಎಂದರೆ ಕಾರಣ ಇದೇ.

## ಹಂತ 4: ಓಡಿಸಿ ನೋಡಿ

ಪರಿಶೀಲನೆಯ ತಿರುಳು ಇದು. ಎಷ್ಟೇ ಅನುಭವ ಇದ್ದರೂ ಓದಿ ಒಪ್ಪಬೇಡಿ.

4.1 ಮೂರು ನೇಮ್‌ಸ್ಪೇಸ್‌ಗಳ ಪ್ರಯೋಗಶಾಲೆ. ಒಂದೇ ಲ್ಯಾಪ್‌ಟಾಪಿನಲ್ಲಿ ಐಪಿ ನೆಟ್‌ಎನ್‌ಎಸ್ ಕಮಾಂಡಿನಿಂದ ಮೂರು ನೇಮ್‌ಸ್ಪೇಸ್ (ಒಂದೇ ಗಣಕದೊಳಗಿನ ಪ್ರತ್ಯೇಕ ನೆಟ್‌ವರ್ಕ್) ಮಾಡಿ: ಮನೆ, ರೂಟರ್, ಹೊರಗೆ. ಎರಡು ವೆತ್ ಜೋಡಿಗಳಿಂದ (ಕೇಬಲ್ಲಿನಂತೆ ಕೆಲಸ ಮಾಡುವ ವರ್ಚುವಲ್ ಇಂಟರ್‌ಫೇಸ್‌ಗಳಿಂದ) ಮನೆಯನ್ನು ರೂಟರಿಗೂ ರೂಟರನ್ನು ಹೊರಗಿಗೂ ಕಟ್ಟಿ. ಮನೆಯ ಬದಿಗೆ 192.0.2.0/24, ಹೊರಗಿನ ಬದಿಗೆ 198.51.100.0/24 ಕೊಡಿ, ಎರಡೂ ಕಡೆ 1ನೆಯ ವಿಳಾಸ ರೂಟರಿಗೆ. ಮನೆಗೆ 192.0.2.1ರ ಮೂಲಕ ಡೀಫಾಲ್ಟ್ ದಾರಿ ಹಾಕಿ. ಹೊರಗಿನಿಂದ ಮನೆಗೆ ಮರಳುವ ದಾರಿಯನ್ನೂ ಹಾಕಿ, ಇಲ್ಲವೇ ರೂಟರಿನಲ್ಲಿ ಮಾಸ್ಕರೇಡ್ ಮಾಡಿ (ಹೊರಗೆ ಹೋಗುವ ಪ್ಯಾಕೆಟಿಗೆ ರೂಟರಿನದೇ ವಿಳಾಸ ಹಾಕಿಸಿ).

ಹೊಸ ನೇಮ್‌ಸ್ಪೇಸಿನಲ್ಲಿ ಲೂಪ್‌ಬ್ಯಾಕ್ ಇಂಟರ್‌ಫೇಸ್ ಕೂಡ ಕೆಳಗಿರುತ್ತದೆ, ಅದನ್ನೂ ಮೇಲೆತ್ತಬೇಕು. ತನ್ನದೇ ವಿಳಾಸಕ್ಕೆ ಪಿಂಗ್ ಹೋಗದಿದ್ದರೆ ಮೊದಲು ನೋಡಬೇಕಾದದ್ದು ಇದು.

ಮನೆಯಿಂದ ಹೊರಗೆ ಪಿಂಗ್ ಮುಟ್ಟದಿದ್ದರೆ ಹೊರಗಿನ ನೇಮ್‌ಸ್ಪೇಸಿನಲ್ಲಿ ಟಿಸಿಪಿಡಂಪ್ ಹಚ್ಚಿ. ಪ್ರಶ್ನೆಯ ಪ್ಯಾಕೆಟ್ ಅಲ್ಲಿಗೆ ಬರುತ್ತಲೇ ಇಲ್ಲವಾದರೆ ಫಾರ್ವರ್ಡಿಂಗ್ ಅಥವಾ ಫೈರ್‌ವಾಲ್ ನೋಡಿ. ಪ್ರಶ್ನೆ ಬಂದೂ ಉತ್ತರ ಮರಳುತ್ತಿಲ್ಲವಾದರೆ ಮರಳುವ ದಾರಿ ಇಲ್ಲ. ಕೈಪಿಡಿಯ ಪುಟದಲ್ಲಿ ಈ ಎರಡರಲ್ಲಿ ಯಾವ ಹೆಜ್ಜೆ ಬಿಟ್ಟುಹೋಗಿದೆ ಎಂಬುದು ಆಗಲೇ ಗೊತ್ತಾಗುತ್ತದೆ.

ಇಲ್ಲೊಂದು ಕಣ್ಣಿಗೆ ಕಾಣದ ಹೊಂಡ ಇದೆ. ಡಾಕರ್ (ತಂತ್ರಾಂಶಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟು ಓಡಿಸುವ ಸಲಕರಣೆ) ಇರುವ ಗಣಕದಲ್ಲಿ ಐಪಿ_ಫಾರ್ವರ್ಡ್ ಆಗಲೇ 1 ಆಗಿರುತ್ತದೆ. ಕರ್ನಲ್‌ನ ಡೀಫಾಲ್ಟ್ ನಡವಳಿಕೆಯಲ್ಲಿ ಹೊಸ ನೇಮ್‌ಸ್ಪೇಸ್ ಐಪಿವಿ4ರ ಬೆಲೆಗಳನ್ನು ಮೂಲ ಗಣಕದಿಂದ ತೆಗೆದುಕೊಳ್ಳುತ್ತದೆ, ಐಪಿವಿ6ರ ಬೆಲೆಗಳನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಫಾರ್ವರ್ಡಿಂಗ್ ಆನ್ ಮಾಡುವ ಹೆಜ್ಜೆಯೇ ಇಲ್ಲದ ಪುಟವೂ ನಿಮ್ಮಲ್ಲಿ ಓಡುತ್ತದೆ, ಓದುಗರಲ್ಲಿ ಓಡುವುದಿಲ್ಲ. ಶುರು ಮಾಡುವ ಮೊದಲು ಮೂರೂ ಕಡೆ ಬೆಲೆ 0 ಇದೆಯೇ ಎಂದು ನೋಡಿ. ಸಾಧ್ಯವಾದರೆ ಹೊಸದಾಗಿ ಸ್ಥಾಪಿಸಿದ ವರ್ಚುವಲ್ ಮಶೀನಿನಲ್ಲೇ ಮಾಡಿ.

4.2 ಓಡಿಸುವ ರೀತಿ. ಕಮಾಂಡನ್ನು ನೀವು ಟೈಪ್ ಮಾಡಬೇಡಿ. ಸಿದ್ಧಪುಟದಿಂದ (ಓದುಗರಿಗೆ ಬ್ರೌಸರಿನಲ್ಲಿ ಕಾಣುವ ಪುಟದಿಂದ) ಕಾಪಿ ಮಾಡಿ ಅಂಟಿಸಿ, ಓದುಗರು ಮಾಡುವುದು ಹಾಗೆಯೇ. ಟೈಪ್ ಮಾಡುವಾಗ ಬೆರಳು ತಾನಾಗಿ ತಪ್ಪನ್ನು ಸರಿಪಡಿಸಿಬಿಡುತ್ತದೆ. ಒಂದೊಂದೇ ಸಾಲು ಹಾಕಿ, ಪ್ರತಿ ಸಾಲಿನ ನಂತರ ಬಂದ ಉತ್ತರ ಪುಟದಲ್ಲಿ ಹೇಳಿದಂತಿದೆಯೇ ನೋಡಿ. "ಈಗ ಏನು ಕಾಣಬೇಕು" ಎಂದು ಹೇಳದ ಹೆಜ್ಜೆ ಅರ್ಧ ಹೆಜ್ಜೆ.

ಮುಗಿದ ಮೇಲೆ ಅದೇ ಪಟ್ಟಿಯನ್ನು ಎರಡನೆಯ ಬಾರಿ ಓಡಿಸಿ. ಐಪಿ ರೂಟ್ ಆ್ಯಡ್ ಇದ್ದಲ್ಲಿ ಎರಡನೆಯ ಸಲ ಈಗಾಗಲೇ ಇದೆ ಎಂಬ ದೋಷ ಬರುತ್ತದೆ, ಆ್ಯಡ್ ಬದಲು ರಿಪ್ಲೇಸ್ ಹಾಕಿದರೆ ಬರುವುದಿಲ್ಲ. ಅರ್ಧದಲ್ಲಿ ನಿಂತು ಮತ್ತೆ ಮೊದಲಿನಿಂದ ಶುರು ಮಾಡುವ ಓದುಗರೇ ಹೆಚ್ಚು.

ಆಮೇಲೆ ರೀಬೂಟ್. ಐಪಿ ಕಮಾಂಡಿನಿಂದ ಮಾಡಿದ್ದು ರೀಬೂಟ್ ಆದರೆ ಉಳಿಯುವುದಿಲ್ಲ, ಓಪನ್‌ಡಬ್ಲ್ಯುಆರ್‌ಟಿಯ ಸೆಟ್ಟಿಂಗ್ ವ್ಯವಸ್ಥೆಯಾದ ಯುಸಿಐಯಲ್ಲಿ ಕಮಿಟ್ ಮಾಡದ್ದೂ ಉಳಿಯುವುದಿಲ್ಲ, ಎಫ್‌ಆರ್‌ಆರ್‌ನಲ್ಲಿ ರೈಟ್ ಮೆಮೊರಿ ಕೊಡದ್ದೂ ಅಷ್ಟೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಬದಿಯಡ್ಕದ ಮನೆಯಲ್ಲಿ, ತುಲಾ ತಿಂಗಳ ಗುಡುಗಿಗೆ ಪ್ಲಗ್ ಕಿತ್ತಿಡುವ ಮನೆಗಳಲ್ಲಿ, ರೀಬೂಟ್ ಎಂಬುದು ಅಪರೂಪದ ಸಂಗತಿಯಲ್ಲ. ಸಂಜೆಯ ವರೆಗೂ ಉಳಿಯದ ಸೆಟ್ಟಿಂಗನ್ನು ಕಲಿಸುವ ಪುಟ ಪೂರ್ತಿಯಾಗಿಲ್ಲ.

ಕೊನೆಗೆ, ಮಾಡಿದ್ದನ್ನು ಹಿಂದೆಗೆಯುವ ಹೆಜ್ಜೆಗಳು ಪುಟದಲ್ಲಿವೆಯೇ, ಅವು ಓಡುತ್ತವೆಯೇ ನೋಡಿ.

4.3 ಹೊರಗೆ ಹಾಕುವ ಸಾಲುಗಳು. ಫೈರ್‌ವಾಲ್ ಪುಟದಲ್ಲಿ ಇನ್‌ಪುಟ್ ಪಾಲಿಸಿಯನ್ನು ಡ್ರಾಪ್ ಮಾಡುವ ಸಾಲು ಮೊದಲು ಬಂದು, ಎಸ್‌ಎಸ್‌ಎಚ್‌ನ (ದೂರದಿಂದ ಲಾಗಿನ್ ಆಗುವ ವಿಧಾನದ) 22ನೆಯ ಪೋರ್ಟನ್ನು ತೆರೆಯುವ ಸಾಲು ಆಮೇಲೆ ಬಂದಿದ್ದರೆ ತಿದ್ದುಪಡಿಯನ್ನು ಅಲ್ಲೇ ತಡೆಯಿರಿ. ಈಗಾಗಲೇ ಕೂಡಿದ ಸಂಪರ್ಕವನ್ನು ಬಿಡುವ ನಿಯಮ ಇಲ್ಲದಿದ್ದರೆ ಚಾಲ್ತಿಯಲ್ಲಿರುವ ಸೆಶನ್ ಕೂಡ ಸಾಯುತ್ತದೆ. ಸರಿಯಾದ ಅನುಕ್ರಮ ಹೀಗೆ: ಕೂಡಿದ ಸಂಪರ್ಕ ಬಿಡು, ಎಸ್‌ಎಸ್‌ಎಚ್ ಬಿಡು, ಆಮೇಲೆ ಡ್ರಾಪ್. ಇನ್ನೂ ಒಳ್ಳೆಯದು ಎಲ್ಲವನ್ನೂ ಒಂದು ಕಡತದಲ್ಲಿ ಬರೆದು ಎನ್‌ಎಫ್‌ಟಿಗೆ ಎಫ್ ಆಯ್ಕೆಯಿಂದ ಕೊಡುವುದು. ಇಡೀ ಕಡತ ಒಟ್ಟಿಗೆ ಜಾರಿಯಾಗುತ್ತದೆ, ತಪ್ಪಿದ್ದರೆ ಒಂದು ಸಾಲೂ ಜಾರಿಯಾಗುವುದಿಲ್ಲ. ಸಿ ಆಯ್ಕೆ ಸೇರಿಸಿದರೆ ಜಾರಿ ಮಾಡದೆ ಪರೀಕ್ಷೆ ಮಾತ್ರ ಮಾಡುತ್ತದೆ.

ದೂರದ ಗಣಕಕ್ಕೆ ಬರೆದ ಪುಟವಾದರೆ ಹಳೆಯ ನಿಯಮಗಳನ್ನು ಮೊದಲು ಕಡತಕ್ಕೆ ಉಳಿಸಿ, 120 ಸೆಕೆಂಡು ಕಳೆದ ಮೇಲೆ ಅವನ್ನೇ ಮರಳಿ ಹಾಕುವ ಕೆಲಸವನ್ನು ಹಿನ್ನೆಲೆಯಲ್ಲಿ ಬಿಟ್ಟು, ಆಮೇಲೆ ಹೊಸದನ್ನು ಹಾಕುವ ಹೆಜ್ಜೆ ಇರಬೇಕು. ಮರಳಿ ಹಾಕುವ ಕಡತದ ಮೊದಲ ಸಾಲಿನಲ್ಲಿ ಫ್ಲಶ್ ರೂಲ್‌ಸೆಟ್ ಇಲ್ಲದಿದ್ದರೆ ಹೊಸ ನಿಯಮಗಳು ಹೋಗದೆ ಹಳೆಯವು ಅವುಗಳ ಜೊತೆ ಸೇರಿಕೊಳ್ಳುತ್ತವೆ. ಹೀಗಾದರೆ ಕಾವಲಿಗೆ ಇಟ್ಟ ಹೆಜ್ಜೆ ಕಾಯುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿಯ ಲೂಸಿ (ಬ್ರೌಸರಿನಲ್ಲಿ ತೆರೆಯುವ ಸೆಟ್ಟಿಂಗ್) ಪುಟದಲ್ಲಿ ಬದಲಾವಣೆ ಮಾಡಿದರೆ, ರೂಟರ್ ಮತ್ತೆ ಕೈಗೆ ಸಿಗದಿದ್ದಾಗ ಅದು ತಾನಾಗಿ ಹಿಂದಿನ ಸ್ಥಿತಿಗೆ ಮರಳುತ್ತದೆ. ಟರ್ಮಿನಲ್‌ನಲ್ಲಿ ಯುಸಿಐ ಕಮಿಟ್ ಕೊಟ್ಟು ನೆಟ್‌ವರ್ಕ್ ಮರುಪ್ರಾರಂಭಿಸಿದರೆ ಆ ಕಾವಲು ಇಲ್ಲ. ಎರಡೂ ಒಂದೇ ಎಂಬಂತೆ ಬರೆದ ಪುಟವನ್ನು ಬಿಡಬೇಡಿ.

4.4 ಲ್ಯಾಪ್‌ಟಾಪಿನಲ್ಲಿ ಗೊತ್ತಾಗದ್ದು. ಸ್ವಿಚ್ ಚಿಪ್‌ನ ವಿಎಲ್‌ಎಎನ್, ವೈಫೈ, ಎಂಟಿಯು ಇವಕ್ಕೆ ನಿಜವಾದ ರೂಟರ್ ಬೇಕು. ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಎಂಬ ಮಿತಿ, ವಿಶೇಷವಾಗಿ ನೋಡಬೇಕಾದದ್ದು. ನಮ್ಮ ಕಡೆ ಪಿಪಿಪಿಒಇಯಲ್ಲಿ (ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಟ್ಟು ಕೂಡುವ ವಿಧಾನದಲ್ಲಿ) ಬರುವ ಫೈಬರ್ ಸಂಪರ್ಕಗಳಿವೆ, ಅಲ್ಲಿ ಸಾಮಾನ್ಯವಾಗಿ ಎಂಟಿಯು 1500 ಅಲ್ಲ, 1492. ವೈರ್‌ಗಾರ್ಡ್ ಎಂಬ ವಿಪಿಎನ್ ತನ್ನ ಪಾಲಿಗೆ ಐಪಿವಿ4ರ ಮೇಲೆ 60, ಐಪಿವಿ6ರ ಮೇಲೆ 80 ಬೈಟ್ ತೆಗೆದುಕೊಳ್ಳುತ್ತದೆ. ಎಲ್ಲ ಕಡೆ ಕಾಣುವ 1420 ಎಂಬ ಸಂಖ್ಯೆ 1500ರಿಂದ 80 ಕಳೆದದ್ದು, 1492ಕ್ಕೆ ಲೆಕ್ಕ ಹಾಕಿದರೆ 1412. ತಪ್ಪಿದ್ದರೆ ಕಾಣುವ ಲಕ್ಷಣ ವಿಚಿತ್ರ: ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ಕೆಲವು ಜಾಲತಾಣ ತೆರೆದುಕೊಳ್ಳುತ್ತದೆ, ಕೆಲವು ತಿರುಗುತ್ತಲೇ ಇರುತ್ತದೆ. ಪರೀಕ್ಷಿಸಲು ಪ್ಯಾಕೆಟ್ ಒಡೆಯಬಾರದು ಎಂಬ ಆಯ್ಕೆಯೊಂದಿಗೆ ಪಿಂಗ್ ಮಾಡಿ. 1500ಕ್ಕೆ ಗಾತ್ರ 1472, 1492ಕ್ಕೆ 1464, ಉಳಿದ 28 ಬೈಟ್ ಹೆಡರಿಗೆ.

ಮೊಡೆಮ್ ಮತ್ತು ಓಪನ್‌ಡಬ್ಲ್ಯುಆರ್‌ಟಿ ಎರಡಕ್ಕೂ 192.168.1.1 ಇದ್ದಾಗ ಏನಾಗುತ್ತದೆ ಎಂಬುದನ್ನೂ ನಿಜವಾದ ರೂಟರಿನಲ್ಲೇ ನೋಡಿ. "ಕೇಬಲ್ ಸಿಕ್ಕಿಸಿ, ಇಂಟರ್‌ನೆಟ್ ಬರುತ್ತದೆ" ಎಂಬ ಪುಟಗಳು ಇಲ್ಲಿ ಸೋಲುತ್ತವೆ. ಪೋರ್ಟ್ ಫಾರ್ವರ್ಡಿಂಗ್ ಕಲಿಸುವ ಪುಟವಾದರೆ, ರೂಟರಿನ ಹೊರಬದಿಯ (ವ್ಯಾನ್) ವಿಳಾಸ 100.64.0.0/10ರ ಒಳಗಿದ್ದರೆ ಸೇವೆ ಕೊಡುವವರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚುತ್ತಿದ್ದಾರೆ, ಇದು ನಡೆಯುವುದಿಲ್ಲ ಎಂದು ಮೊದಲ ಹೆಜ್ಜೆಯಲ್ಲೇ ಹೇಳಿರಬೇಕು. ಹತ್ತು ಹೆಜ್ಜೆ ಮುಗಿದ ಮೇಲೆ ಹೇಳಿದರೆ ಓದುಗರ ಸಂಜೆ ಹಾಳು.

## ಹಂತ 5: ಉದಾಹರಣೆಯಲ್ಲಿರುವ ವಿಳಾಸ, ಕೀಲಿ

ಉದಾಹರಣೆಗೆಂದೇ ಮೀಸಲಿಟ್ಟ ವಿಳಾಸಗಳಿವೆ: ಐಪಿವಿ4ಕ್ಕೆ 192.0.2.0/24, 198.51.100.0/24, 203.0.113.0/24. ಎಎಸ್ ಸಂಖ್ಯೆಗೆ (ಬಿಜಿಪಿಯಲ್ಲಿ ಒಂದು ನೆಟ್‌ವರ್ಕನ್ನು ಗುರುತಿಸುವ ಸಂಖ್ಯೆಗೆ) 64496ರಿಂದ 64511, ಮತ್ತು 65536ರಿಂದ 65551. ಡೊಮೇನ್‌ಗೆ ಎಗ್ಸಾಂಪಲ್.ಕಾಮ್, ಎಗ್ಸಾಂಪಲ್.ಆರ್ಗ್. ಐಪಿವಿ6ಕ್ಕೆ 2001:ಡಿಬಿ8 ಎಂದು ಶುರುವಾಗುವ /32. ಮನಸ್ಸಿಗೆ ಬಂದ ಸಾರ್ವಜನಿಕ ವಿಳಾಸ ಹಾಕಿದರೆ ಅದು ಯಾರದೋ ನಿಜವಾದ ಗಣಕದ್ದಾಗಿರುತ್ತದೆ. ಓದುಗರು ಬದಲಿಸಲು ಮರೆತರೆ ಅವರ ಪ್ಯಾಕೆಟ್‌ಗಳು ಅಲ್ಲಿಗೇ ಹೋಗುತ್ತವೆ.

ಅಂಟಿಸಿದ ಲಾಗ್‌ಗಳಲ್ಲಿ ಕಳಿಸಿದವರ ಸ್ವಂತ ಐಪಿ, ಮ್ಯಾಕ್ ವಿಳಾಸ, ಪಿಪಿಪಿಒಇ ಬಳಕೆದಾರ ಹೆಸರು, ವೈಫೈ ಪಾಸ್‌ವರ್ಡ್ ಇರುವುದುಂಟು. ವೈರ್‌ಗಾರ್ಡ್ ಕೀಲಿ 44 ಅಕ್ಷರದ್ದು, ಕೊನೆಯಲ್ಲಿ ಸಮ ಚಿಹ್ನೆ. ಖಾಸಗಿಯದೂ ಬಹಿರಂಗದ್ದೂ ನೋಡಲು ಒಂದೇ ತರ. ಖಾಸಗಿ ಕೀಲಿಯ ಸಾಲಿನಲ್ಲಿ ನಿಜವಾದ ಕೀಲಿ ಕಂಡರೆ ಅದನ್ನು ಬಳಸುವುದನ್ನೇ ನಿಲ್ಲಿಸಲು ಕಳಿಸಿದವರಿಗೆ ಕೂಡಲೇ ತಿಳಿಸಿ. ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಅದು ಉಳಿದೇ ಇರುತ್ತದೆ.

ವೈರ್‌ಗಾರ್ಡ್ ಪುಟದಲ್ಲಿ ಅಲೌಡ್‌ಐಪಿಸ್ ಸಾಲನ್ನು ಪ್ರತ್ಯೇಕವಾಗಿ ಓದಿ. ಕಳಿಸುವಾಗ ಅದು ಯಾವ ಪೀರ್‌ಗೆ (ಆಚೆ ತುದಿಯ ಗಣಕಕ್ಕೆ) ಎಂದು ಆರಿಸುತ್ತದೆ, ಬರುವಾಗ ಯಾವ ಮೂಲ ವಿಳಾಸವನ್ನು ಒಪ್ಪಬೇಕು ಎಂದು ತೀರ್ಮಾನಿಸುತ್ತದೆ. ಎರಡು ಪೀರ್‌ಗಳಿಗೆ ಒಂದೇ ಶ್ರೇಣಿ ಬರೆದರೆ ಕೊನೆಗೆ ಬರೆದವರಿಗೆ ಅದು ಹೋಗುತ್ತದೆ, ಮೊದಲಿನವರ ಸಂಪರ್ಕ ಸದ್ದಿಲ್ಲದೆ ನಿಲ್ಲುತ್ತದೆ.

## ಹಂತ 6: ಪುಟವನ್ನು ಕಟ್ಟಿ ನೋಡಿ

ಎಫ್‌ಆರ್‌ಆರ್ ಮತ್ತು ಲಿನಕ್ಸ್ ಕರ್ನಲ್ ಕೈಪಿಡಿಗಳು ಸ್ಫಿಂಕ್ಸ್‌ನಲ್ಲಿ ಕಟ್ಟುವಂಥವು. ಸ್ಫಿಂಕ್ಸ್-ಬಿಲ್ಡ್‌ಗೆ ದೊಡ್ಡ ಡಬ್ಲ್ಯು ಆಯ್ಕೆ ಕೊಟ್ಟರೆ ಪ್ರತಿ ಎಚ್ಚರಿಕೆಯೂ ದೋಷವಾಗಿ ನಿಲ್ಲುತ್ತದೆ. ಕೊಂಡಿಗಳಿಗೆ ಲಿಂಕ್‌ಚೆಕ್ ಓಡಿಸಿ.

ಎಚ್ಚರಿಕೆ ಕೊಡದೆ ಹಾಳುಮಾಡುವ ಒಂದು ಸಂಗತಿ ಇದೆ. ಎರಡೆರಡು ಬ್ಯಾಕ್‌ಟಿಕ್‌ಗಳ ( ` ಚಿಹ್ನೆಗಳ) ಒಳಗೆ ಇಡದ ಕಮಾಂಡಿನಲ್ಲಿ ಎರಡು ಅಡ್ಡಗೆರೆ ಇದ್ದರೆ ಸ್ಫಿಂಕ್ಸ್ ಅದನ್ನು ಒಂದು ಉದ್ದ ಗೆರೆ ಮಾಡುತ್ತದೆ, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ. ಮೂಲ ಕಡತ ಸರಿ ಇರುತ್ತದೆ, ಪುಟದಿಂದ ಕಾಪಿ ಮಾಡಿದ್ದು ಓಡುವುದಿಲ್ಲ. ಸಿದ್ಧಪುಟದಿಂದಲೇ ಕಾಪಿ ಮಾಡಬೇಕೆಂದು ಮೇಲೆ ಹೇಳಿದ್ದು ಇದಕ್ಕೂ ಸೇರಿ.

## ಹಂತ 7: ಕನ್ನಡದ ಪುಟಗಳಲ್ಲಿ ಮಾತ್ರ ಬರುವ ತೊಂದರೆಗಳು

ಕಾಣದ ಅಕ್ಷರ. "ಸಾಫ್ಟ್‌ವೇರ್" ಎಂದು ಬರೆಯುವಾಗ ಟಕಾರಕ್ಕೆ ವಕಾರ ಒತ್ತಾಗದಂತೆ ತಡೆಯಲು ನಾವು ಹಾಕುವ ಕಾಣದ ಚಿಹ್ನೆ, ಕೀಲಿಮಣೆ ಬದಲಿಸುವಾಗ ಕಮಾಂಡಿನ ಒಳಗೂ ಉಳಿದುಬಿಡುತ್ತದೆ. ಕಣ್ಣಿಗೆ ಎರಡೂ ಒಂದೇ, ಟರ್ಮಿನಲ್ ಮಾತ್ರ ಕಮಾಂಡ್ ಸಿಗಲಿಲ್ಲ ಎನ್ನುತ್ತದೆ. ಕ್ಯಾಟ್‌ಗೆ ದೊಡ್ಡ ಎ ಆಯ್ಕೆ ಕೊಟ್ಟು ಕೋಡ್ ಭಾಗವನ್ನು ನೋಡಿ, ಕಾಣದ್ದು ವಿಚಿತ್ರ ಚಿಹ್ನೆಗಳಾಗಿ ಹೊರಬರುತ್ತದೆ.

ಸೊನ್ನೆ. ಕನ್ನಡದ ಸೊನ್ನೆ "೦" ಮತ್ತು ಅನುಸ್ವಾರ "ಂ" ಬೇರೆ ಬೇರೆ ಅಕ್ಷರಗಳು, ಎಷ್ಟೋ ಫಾಂಟ್‌ಗಳಲ್ಲಿ ಒಂದೇ ತರ ಕಾಣುತ್ತವೆ. ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಎರಡೂ ಕೀಲಿಮಣೆ ಒಂದೇ ಗಣಕದಲ್ಲಿರುವುದರಿಂದ ಮಲಯಾಳದ ಅನುಸ್ವಾರವೂ ಸೊನ್ನೆಯೂ ಸೇರಿ ನಾಲ್ಕು ದುಂಡಗಳಾಗುತ್ತವೆ. ವಿಳಾಸ, ಪೋರ್ಟ್, ಆವೃತ್ತಿ ಸಂಖ್ಯೆಗಳೆಲ್ಲ ಕೋಡಿನ ಹೊರಗೂ 0ಯಿಂದ 9ರ ಅಂಕಿಗಳಲ್ಲೇ ಇರಲಿ. ಓದುಗರು ವಾಕ್ಯದ ನಡುವಿನಿಂದಲೂ ಕಾಪಿ ಮಾಡುತ್ತಾರೆ.

ವಿಭಕ್ತಿ. ಬ್ಯಾಕ್‌ಟಿಕ್ ಮುಗಿದ ಕೂಡಲೇ ಜಾಗ ಬಿಡದೆ "ಅನ್ನು", "ಇಂದ" ಎಂದು ಅಂಟಿಸಿದರೆ ಸ್ಫಿಂಕ್ಸ್‌ನ ಬರಹ ರೂಪದಲ್ಲಿ ಗುರುತು ಮುರಿಯುತ್ತದೆ. ಬ್ಯಾಕ್‌ಟಿಕ್‌ಗಳು ಪುಟದ ಮೇಲೇ ಕಾಣುತ್ತವೆ. ನಡುವೆ ಹಿಮ್ಮುಖ ಗೆರೆಯೂ ಒಂದು ಜಾಗವೂ ಹಾಕಿದರೆ ಸರಿಯಾಗುತ್ತದೆ. ಅದಕ್ಕಿಂತ ಸುಲಭ, "ಐಪಿ ಕಮಾಂಡಿನಿಂದ" ಎಂದು ವಿಭಕ್ತಿಯನ್ನು ಮುಂದಿನ ಪದಕ್ಕೆ ದಾಟಿಸುವುದು.

ಪದ. ಕನ್ನಡದಲ್ಲಿ ರೂಟ್ ಎಂದರೆ ಆಡಳಿತಾಧಿಕಾರದ ಬಳಕೆದಾರನೂ ಹೌದು, ಪ್ಯಾಕೆಟ್ ಹೋಗುವ ಹಾದಿಯೂ ಹೌದು. "ರೂಟ್ ಇಲ್ಲದಿದ್ದರೆ ಈ ಕಮಾಂಡ್ ಕೆಲಸ ಮಾಡದು" ಎಂಬ ವಾಕ್ಯಕ್ಕೆ ಎರಡೂ ಅರ್ಥ ಹೊಂದುತ್ತದೆ. ಬಳಕೆದಾರನಿಗೆ ರೂಟ್ ಬಳಕೆದಾರ, ಹಾದಿಗೆ ಮಾರ್ಗ ಎಂದು ಬೇರೆ ಮಾಡಿಸಿ. ಪೋರ್ಟ್ ಕೂಡ ಹಾಗೆಯೇ: ರೂಟರಿನ ಹಿಂದಿನ ತೂತೋ, ಟಿಸಿಪಿಯ ಸಂಖ್ಯೆಯೋ ಹೇಳಬೇಕು. ಪರದೆಯ ಮೇಲೆ ಬ್ರಿಡ್ಜ್ ಎಂದಿದ್ದರೆ ಪುಟದಲ್ಲಿ ಸೇತುವೆ ಎಂದು ಬರೆಯಬೇಡಿ. ಓದುಗರು ಮೆನುವಿನಲ್ಲಿ ಸೇತುವೆಯನ್ನು ಹುಡುಕುತ್ತಾ ಕೂರುತ್ತಾರೆ.

ಮಲಯಾಳದಲ್ಲಿ ಓದಿ ಕನ್ನಡದಲ್ಲಿ ಬರೆಯುವವರ ತಿದ್ದುಪಡಿಯಲ್ಲಿ "ಕಡತದ ಅನುವಾದ ಸರಿ ಇದೆಯೇ ನೋಡಿ" ಎಂದು ಬರಬಹುದು. ಮಲಯಾಳದಲ್ಲಿ ಅನುವಾದಂ ಎಂದರೆ ಅನುಮತಿ. ಓದುಗರು ಭಾಷಾಂತರ ಎಂದುಕೊಳ್ಳುತ್ತಾರೆ.

ಬೇಕು, ಬೇಡ. ಮಾಡಬಾರದು ಮತ್ತು ಮಾಡಬೇಕಿಲ್ಲ ಇವುಗಳ ನಡುವೆ ರೂಟರ್ ಉಳಿಯುವ, ಹಾಳಾಗುವ ಅಂತರವಿದೆ. "ಫರ್ಮ್‌ವೇರ್ ಹಾಕುವಾಗ ಕರೆಂಟ್ ತೆಗೆಯಬೇಕಿಲ್ಲ" ಎಂದು ಬರೆದಿದ್ದರೆ ಅದು ತೆಗೆಯಬಾರದು ಎಂದಾಗಬೇಕು. ಕಡ್ಡಾಯಕ್ಕೆ "ಮಾಡಲೇಬೇಕು", ಶಿಫಾರಸಿಗೆ "ಮಾಡುವುದು ಒಳ್ಳೆಯದು", ಐಚ್ಛಿಕಕ್ಕೆ "ಮಾಡಬಹುದು" ಎಂದು ಪುಟದುದ್ದಕ್ಕೂ ಒಂದೇ ರೀತಿ ಇರಲಿ. ಎಚ್ಚರಿಕೆ ಕಮಾಂಡಿನ ಮೇಲೆ ಬರಬೇಕು, ಕೆಳಗಲ್ಲ.

## ಹಂತ 8: ಅಭಿಪ್ರಾಯ ಬರೆಯುವ ಕ್ರಮ

ತಡೆಯುವ ದೋಷಗಳು ಮೊದಲು, ಸಣ್ಣಪುಟ್ಟದ್ದು ಕೊನೆಗೆ. ಯಾವುದು ಯಾವುದು ಎಂದು ಸ್ಪಷ್ಟವಾಗಿ ಬರೆಯಿರಿ. "ಇದು ಸರಿಯಿಲ್ಲ" ಎಂದರೆ ಹೊಸಬರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹೀಗೆ ಬರೆಯಬಹುದು: "22.03ರಲ್ಲಿ ಓಡಿಸಿ ನೋಡಿದೆ. ನಾಲ್ಕನೆಯ ಹೆಜ್ಜೆಯ ನಂತರ ಎಸ್‌ಎಸ್‌ಎಚ್ ಕಡಿಯಿತು. ಆರನೆಯದನ್ನು ನಾಲ್ಕರ ಮೊದಲು ತಂದರೆ ಕಡಿಯುವುದಿಲ್ಲ. ಹಾಗೆ ಬದಲಿಸಿ ಕಳಿಸುತ್ತೀರಾ?" ಆವೃತ್ತಿ, ಮಾಡಿದ್ದು, ಕಂಡದ್ದು, ಪರಿಹಾರ ನಾಲ್ಕೂ ಇದರಲ್ಲಿವೆ. ಮೊದಲ ಬಾರಿ ಕಳಿಸಿದವರಿಗೆ ಇಪ್ಪತ್ತು ಕಾಗುಣಿತದ ಟಿಪ್ಪಣಿ ಬರೆಯುವ ಬದಲು ಅವನ್ನು ನೀವೇ ತಿದ್ದಿ ಕೊಡಿ. ಅನುಕ್ರಮದ ತಪ್ಪನ್ನು ಮಾತ್ರ ಅವರಿಂದಲೇ ಮಾಡಿಸಿ.

ಕರ್ನಲ್‌ನಂಥ ಯೋಜನೆಗಳಲ್ಲಿ ರಿವ್ಯೂಡ್-ಬೈ ಮತ್ತು ಟೆಸ್ಟೆಡ್-ಬೈ ಎಂಬ ಎರಡು ಬೇರೆ ಗುರುತುಗಳಿವೆ. ಓದಿದ್ದಕ್ಕೆ ಮೊದಲನೆಯದು, ಓಡಿಸಿದ್ದಕ್ಕೆ ಎರಡನೆಯದು. ಐದು ಹೆಜ್ಜೆ ಓಡಿಸಿ ಆರನೆಯದಕ್ಕೆ ಬೇಕಾದ ರೂಟರ್ ನಿಮ್ಮಲ್ಲಿ ಇಲ್ಲದಿದ್ದರೆ ಹಾಗೆಂದೇ ಬರೆಯಿರಿ, ಇನ್ನೊಬ್ಬರು ಅದನ್ನು ಕೈಗೆತ್ತಿಕೊಳ್ಳುತ್ತಾರೆ.

ತಿದ್ದುಪಡಿ ಕೈಪಿಡಿಗೆ ಸೇರಿದ (ಮರ್ಜ್ ಆದ) ಮೇಲೆ ಪ್ರಕಟವಾದ ಪುಟವನ್ನು ಮೊಬೈಲಿನಲ್ಲಿ ತೆರೆಯಿರಿ. ರೂಟರ್ ನಿಂತಾಗ ಓದುಗರ ಕೈಯಲ್ಲಿ ಉಳಿಯುವುದು ಅದೊಂದೇ. ಉದ್ದದ ಕಮಾಂಡ್ ಪರದೆಯ ಆಚೆ ಕತ್ತರಿಸಿಹೋಗಿದೆಯೇ, ಎಚ್ಚರಿಕೆಯ ಪೆಟ್ಟಿಗೆ ಕಮಾಂಡಿನ ಮೇಲೆಯೇ ಇದೆಯೇ, ಹಿಂದೆಗೆಯುವ ಹೆಜ್ಜೆಗಳು ಬೇರೆ ಕೊಂಡಿ ಒತ್ತದೆ ಸಿಗುತ್ತವೆಯೇ ನೋಡಿ. ಫೇಲ್‌ಸೇಫ್ ಮೋಡಿನ ವಿವರ ಬೇರೆ ಪುಟದಲ್ಲಿದ್ದರೆ, ಶುರು ಮಾಡುವ ಮೊದಲೇ ಆ ಪುಟವನ್ನು ತೆರೆದಿಟ್ಟುಕೊಳ್ಳಿ ಎಂಬ ಒಂದು ಸಾಲನ್ನು ಒಂದನೆಯ ಹೆಜ್ಜೆಯ ಮೇಲೆ ಸೇರಿಸಿ ಇನ್ನೊಂದು ತಿದ್ದುಪಡಿ ಕಳಿಸಿ.